ಕಳೆದುಹೋದ ಫೋನಿನ ಹುಡುಕಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫೋನ್ ಕಳೆದುಕೊಂಡವರದು. ಉಳಿದವು, ಕಳೆದರೆ ಏನು ಗತಿ ಎಂದು ಮುಂಚಿತವಾಗಿಯೇ ಯೋಚಿಸಿದವರದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಉತ್ತರಗಳಲ್ಲಿ ಹೇಳಿರುವ ಸೌಲಭ್ಯಗಳೆಲ್ಲ ಫೋನಿನ ಜೊತೆಗೇ ಬರುವಂಥವು, ಯಾವುದಕ್ಕೂ ಹಣ ತೆರಬೇಕಾಗಿಲ್ಲ.

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆನೋ, ಯಾರಾದರೂ ಜೇಬಿನಿಂದ ಎಗರಿಸಿದರೋ ತಿಳಿಯದು. ಮೊದಲು ಕರೆ ಮಾಡಿದಾಗ ರಿಂಗ್ ಆಗುತ್ತಿತ್ತು, ಆಮೇಲೆ ಸ್ವಿಚ್ ಆಫ್ ಎಂದು ಬರತೊಡಗಿತು. ಗೂಗಲ್ ಮೂಲಕ ಹುಡುಕಬಹುದೆಂದು ಗೆಳೆಯರು ಹೇಳುತ್ತಾರೆ. ಆದರೆ ಅದಕ್ಕೆಂದು ನಾನು ಯಾವ ಆ್ಯಪನ್ನೂ ಹಾಕಿಕೊಂಡಿರಲಿಲ್ಲ. ಇನ್ನು ದಾರಿಯಿಲ್ಲವೇ?

ಉತ್ತರ: ದಾರಿಯಿದೆ. ಕಳೆದ ಫೋನಿನಲ್ಲಿ ಬೇರೆ ಆ್ಯಪ್ ಇರಬೇಕಾದ ಅಗತ್ಯವೇ ಇಲ್ಲ. ಗೂಗಲ್ ಖಾತೆ ಹಾಕಿಕೊಂಡಿರುವ ಆಂಡ್ರಾಯ್ಡ್ ಫೋನಿನಲ್ಲಿ ಹುಡುಕುವ ಸೌಲಭ್ಯ ಸಾಮಾನ್ಯವಾಗಿ ತಾನಾಗಿಯೇ ಚಾಲೂ ಆಗಿರುತ್ತದೆ, ನೀವೇ ಹೋಗಿ ಅದನ್ನು ನಿಲ್ಲಿಸಿರದಿದ್ದರೆ ಈಗಲೂ ಇರುತ್ತದೆ. 2013ರಲ್ಲಿ ಬಂದಾಗ ಅದರ ಹೆಸರು ಆಂಡ್ರಾಯ್ಡ್ ಡಿವೈಸ್ ಮ್ಯಾನೇಜರ್. 2017ರಲ್ಲಿ ಫೈಂಡ್ ಮೈ ಡಿವೈಸ್ ಆಯಿತು. 2025ರಿಂದ ಫೈಂಡ್ ಹಬ್ ಎಂದು ಕರೆಯುತ್ತಿದ್ದಾರೆ. ಹಳೆಯ ಲೇಖನಗಳಲ್ಲಿ ಹಳೆಯ ಹೆಸರು ಕಂಡರೆ ಗಲಿಬಿಲಿಗೊಳ್ಳಬೇಡಿ.

ಯಾವುದಾದರೂ ಕಂಪ್ಯೂಟರಿನಲ್ಲಿ ಅಥವಾ ಮತ್ತೊಬ್ಬರ ಫೋನಿನಲ್ಲಿ ಬ್ರೌಸರ್ ತೆರೆದು, ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಫೈಂಡ್ ಎಂಬ ವಿಳಾಸಕ್ಕೆ ಹೋಗಿ, ಕಳೆದ ಫೋನಿನಲ್ಲಿದ್ದ ಅದೇ ಜಿಮೇಲ್ ವಿಳಾಸದಿಂದ ಲಾಗಿನ್ ಆಗಿ. ಸಾಧನ ಬೇರೆಯವರದಾಗಿದ್ದರೆ ಇನ್‌ಕಾಗ್ನಿಟೊ ಕಿಟಕಿಯನ್ನು ಬಳಸುವುದು ಒಳ್ಳೆಯದು, ಕೆಲಸ ಮುಗಿದು ಕಿಟಕಿ ಮುಚ್ಚಿದೊಡನೆ ನಿಮ್ಮ ಖಾತೆಯೂ ಅಲ್ಲಿಂದ ಹೊರಬರುತ್ತದೆ.

ಲಾಗಿನ್ ಆದಾಗ ನಕ್ಷೆಯೊಂದು ತೆರೆದುಕೊಳ್ಳುತ್ತದೆ. ಎಲ್ಲರ ಕಣ್ಣೂ ಮೊದಲು ಹೋಗುವುದು ನಕ್ಷೆಯ ಮೇಲಿನ ಗುರುತಿನ ಕಡೆಗೆ. ನಾನಾದರೆ ಅದರ ಪಕ್ಕದಲ್ಲಿ ಫೋನಿನ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಸಮಯವನ್ನು ಮೊದಲು ನೋಡಿ ಎನ್ನುತ್ತೇನೆ. ಫೋನು ಕೊನೆಯ ಬಾರಿ ಯಾವಾಗ ಕಂಡಿತು ಎಂಬುದನ್ನು ಆ ಸಾಲು ತಿಳಿಸುತ್ತದೆ. ಈ ಕ್ಷಣದ ಸಮಯ ಇದ್ದರೆ ಫೋನು ಚಾಲೂ ಇದೆ, ಇಂಟರ್ನೆಟ್ ಸಂಪರ್ಕವೂ ಇದೆ ಎಂದರ್ಥ. ಎರಡು ಗಂಟೆಗಳ ಹಿಂದಿನದಾದರೆ ನೀವು ನೋಡುತ್ತಿರುವುದು ಫೋನಿದ್ದ ಜಾಗವನ್ನು, ಫೋನಿರುವ ಜಾಗವನ್ನಲ್ಲ. ಬ್ಯಾಟರಿ ಎಷ್ಟಿದೆ ಎಂಬುದೂ ಅಲ್ಲೇ ಕಾಣುತ್ತದೆ. ಇನ್ನೆಷ್ಟು ಹೊತ್ತು ಹುಡುಕಾಟಕ್ಕೆ ಅವಕಾಶವಿದೆ ಎಂದು ಅದರಿಂದ ಅಂದಾಜು ಮಾಡಬಹುದು.

ಅಲ್ಲಿ ಮುಖ್ಯವಾಗಿ ಮೂರು ಆಯ್ಕೆಗಳಿರುತ್ತವೆ: ಫೋನನ್ನು ಸದ್ದು ಮಾಡಿಸುವುದು, ಬೀಗ ಹಾಕುವುದು, ಒಳಗಿರುವುದನ್ನೆಲ್ಲ ಅಳಿಸುವುದು. ಬಸ್ಸಿನಲ್ಲಿ ಬಿಟ್ಟಿರಬಹುದೆಂಬ ಸಂದೇಹವಿದ್ದರೆ ಮೊದಲು ಬೀಗ ಹಾಕಿ, ಪರದೆಯ ಮೇಲೆ ಕಾಣುವಂತೆ ಒಂದು ಸಂದೇಶವನ್ನೂ ಮನೆಯವರ ಫೋನ್ ನಂಬರನ್ನೂ ಕೊಡಿ. ಕಂಡಕ್ಟರ್ ಕೈಗೋ ಸಹಪ್ರಯಾಣಿಕರ ಕೈಗೋ ಸಿಕ್ಕಿದ್ದರೆ ಅವರು ನಿಮ್ಮನ್ನು ಸಂಪರ್ಕಿಸಲು ಬೇರೆ ಉಪಾಯವಿರುವುದಿಲ್ಲ. ಕದ್ದವರ ಕೈಯಲ್ಲಿದೆ ಎಂಬ ಅನುಮಾನ ಬಲವಾಗಿದ್ದರೆ ಸದ್ದು ಮಾಡಿಸಬೇಡಿ. ಅದರಿಂದ ಅವರು ಎಚ್ಚೆತ್ತು ಫೋನನ್ನು ಆಫ್ ಮಾಡುತ್ತಾರೆ, ಅಷ್ಟೇ. ಅಳಿಸುವುದು ಕಟ್ಟಕಡೆಯ ಹೆಜ್ಜೆ, ಏಕೆಂದರೆ ಆಂಡ್ರಾಯ್ಡ್ ಫೋನಿನಲ್ಲಿ ಎಲ್ಲವನ್ನೂ ಅಳಿಸಿದ ಮೇಲೆ ಈ ನಕ್ಷೆಯಲ್ಲಿ ಅದು ಮತ್ತೆ ಕಾಣಿಸುವುದಿಲ್ಲ.

ನಿಮ್ಮ ಫೋನು ಸ್ವಿಚ್ ಆಫ್ ಆಗಿರುವುದರಿಂದ ಸದ್ಯಕ್ಕೆ ಸಿಗುವುದು ಕೊನೆಯದಾಗಿ ಕಂಡ ಸ್ಥಳ ಮಾತ್ರ. ಫೋನು ಚಾಲೂ ಇದ್ದು ಇಂಟರ್ನೆಟ್ ಮಾತ್ರ ಇಲ್ಲದಿದ್ದರೆ ಇನ್ನೊಂದು ಆಸರೆಯಿದೆ. 2024ರಲ್ಲಿ ಗೂಗಲ್ ಆರಂಭಿಸಿದ ಜಾಲದಲ್ಲಿ, ಕಳೆದ ಫೋನು ಹೊರಡಿಸುವ ಬ್ಲೂಟೂತ್ ಸಂಕೇತವನ್ನು ಅದರ ಸಮೀಪದಲ್ಲಿ ಹಾದುಹೋಗುವ ಇತರರ ಆಂಡ್ರಾಯ್ಡ್ ಫೋನುಗಳು ಗ್ರಹಿಸಿ ಸ್ಥಳವನ್ನು ಗುಪ್ತಲಿಪಿಯಲ್ಲಿ ರವಾನಿಸುತ್ತವೆ; ಆ ಫೋನುಗಳ ಒಡೆಯರಿಗೆ ಇದರ ಸುಳಿವೂ ಇರುವುದಿಲ್ಲ. ಆದರೆ ಈ ಜಾಲ ಮೊದಲಿನಿಂದಲೇ ಜನಸಂದಣಿಯ ಜಾಗಗಳಲ್ಲಿ ಮಾತ್ರ ಕೆಲಸ ಮಾಡುವಂತೆ ಹೊಂದಿಸಲ್ಪಟ್ಟಿರುವುದರಿಂದ, ಬಸ್ ನಿಲ್ದಾಣದಲ್ಲಿ ಬಿದ್ದ ಫೋನು ಕಂಡೀತು, ನಿರ್ಜನ ರಸ್ತೆಯ ಪೊದೆಯಲ್ಲಿ ಬಿದ್ದದ್ದು ಕಾಣದಿರಬಹುದು. ಆಫ್ ಮಾಡಿದ ಮೇಲೂ ಕೆಲವು ಗಂಟೆಗಳ ಕಾಲ ಸಂಕೇತ ಕೊಡುವ ಆಂಡ್ರಾಯ್ಡ್ ಫೋನುಗಳು ಬಂದಿವೆಯಾದರೂ ಅವು ಇನ್ನೂ ಕೆಲವೇ ಕೆಲವು.

ಇಷ್ಟಾದರೂ ಪುಟವನ್ನು ಮುಚ್ಚಿ ಸುಮ್ಮನಾಗಬೇಡಿ, ಮುಂದಿನ ದಿನಗಳಲ್ಲೂ ಆಗಾಗ ನೋಡುತ್ತಿರಿ. ಈ ಹುಡುಕಾಟ ನಿಂತಿರುವುದು ನಿಮ್ಮ ಗೂಗಲ್ ಖಾತೆಯ ಮೇಲೆಯೇ ಹೊರತು ಸಿಮ್ ಮೇಲಲ್ಲ. ಯಾರಾದರೂ ಸಿಮ್ ತೆಗೆದು ಬೇರೆ ಸಿಮ್ ಹಾಕಿ ಫೋನನ್ನು ಚಾಲೂ ಮಾಡಿದರೆ, ಖಾತೆ ಅದರಲ್ಲಿ ಉಳಿದಿರುವವರೆಗೂ ಹೊಸ ಸ್ಥಳ ನಕ್ಷೆಯಲ್ಲಿ ಮೂಡಬಹುದು.

ಪ್ರಶ್ನೆ: ಫೋನು ಮನೆಯೊಳಗೇ ಎಲ್ಲೋ ಇದೆ, ಆದರೆ ಸೈಲೆಂಟ್‌ನಲ್ಲಿದೆ. ಎಷ್ಟು ಕರೆ ಮಾಡಿದರೂ ಪ್ರಯೋಜನವಿಲ್ಲ.

ಉತ್ತರ: ಮೇಲೆ ಹೇಳಿದ ಪುಟದಲ್ಲಿ ಸದ್ದು ಮಾಡಿಸುವ ಗುಂಡಿಯನ್ನು ಒತ್ತಿ. ಫೋನು ಸೈಲೆಂಟ್‌ನಲ್ಲಿದ್ದರೂ ಪೂರ್ತಿ ದನಿಯಲ್ಲಿ ಐದು ನಿಮಿಷ ಬಡಿದುಕೊಳ್ಳುತ್ತದೆ. ಐಫೋನಿನಲ್ಲೂ ಇದೇ ಬಗೆಯ ಸೌಲಭ್ಯವಿದೆ. ಕೈಯಲ್ಲಿ ಸ್ಮಾರ್ಟ್‌ವಾಚ್ ಇದ್ದರೆ ಅದರಲ್ಲೇ ಫೋನ್ ಹುಡುಕುವ ಚಿತ್ರವಿರುತ್ತದೆ, ಲಾಗಿನ್ ಗೋಜೂ ಇಲ್ಲ.

ಪ್ರಶ್ನೆ: ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಲಾಗಿನ್ ಆಗಲು ಹೋದೆ. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದೆ. 'ನಿಮ್ಮ ಫೋನಿಗೆ ಸೂಚನೆ ಕಳಿಸಿದ್ದೇವೆ, ಹೌದು ಎಂದು ಒತ್ತಿ' ಎಂದಿತು. ಆ ಫೋನೇ ಅಲ್ಲವೇ ಕಳೆದಿರುವುದು! ಇದಕ್ಕೇನು ಪರಿಹಾರ?

ಉತ್ತರ: ಬಹುತೇಕ ಹುಡುಕಾಟಗಳು ಮುಗ್ಗರಿಸುವುದು ಇಲ್ಲಿಯೇ. ಉಪಗ್ರಹವೋ ನಕ್ಷೆಯೋ ಕೈಕೊಡುವುದಕ್ಕಿಂತ, ಒಡೆಯರೇ ತಮ್ಮ ಖಾತೆಯ ಬಾಗಿಲಲ್ಲಿ ನಿಂತುಬಿಡುವುದು ಹೆಚ್ಚು. ಎರಡು ಹಂತದ ಪರಿಶೀಲನೆಯನ್ನು ನಾನು ಎಲ್ಲರಿಗೂ ಹೇಳುತ್ತಲೇ ಬಂದಿದ್ದೇನೆ, ಈಗಲೂ ಅದನ್ನು ತೆಗೆದುಹಾಕಿ ಎನ್ನುವುದಿಲ್ಲ. ಆದರೆ ಎರಡನೆಯ ಹಂತವೂ ಅದೇ ಫೋನಿನೊಳಗೆ ಇದ್ದರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ನೀವು ಈಗಾಗಲೇ ಅದೇ ಖಾತೆಯಲ್ಲಿ ಲಾಗಿನ್ ಆಗಿರುವ ಮತ್ತೊಂದು ಸಾಧನ ಇದೆಯೇ ಎಂದು ಮೊದಲು ಯೋಚಿಸಿ: ಮನೆಯ ಲ್ಯಾಪ್‌ಟಾಪ್, ಕಚೇರಿಯ ಕಂಪ್ಯೂಟರ್, ಮಕ್ಕಳು ಆಟವಾಡುವ ಟ್ಯಾಬ್, ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಫೋನು. ಅವುಗಳಲ್ಲಿ ಸಾಮಾನ್ಯವಾಗಿ ಎರಡನೆಯ ಹಂತವನ್ನು ಮತ್ತೆ ಕೇಳುವುದಿಲ್ಲ, ಕೇಳಿದರೂ ಅಲ್ಲೇ ಒಪ್ಪಿಗೆ ಕೊಡಬಹುದು. ಅದಿಲ್ಲದಿದ್ದರೆ, ಫೋನಿಲ್ಲದೆಯೇ ಎರಡನೆಯ ಹಂತವನ್ನು ದಾಟಿಸುವ ಬ್ಯಾಕಪ್ ಕೋಡ್‌ಗಳಿವೆಯೇ ನೋಡಿ. ಗೂಗಲ್ ಖಾತೆಯ ಸುರಕ್ಷತೆ ವಿಭಾಗದಲ್ಲಿ ಎಂಟು ಅಂಕಿಗಳ ಹತ್ತು ಕೋಡ್‌ಗಳನ್ನು ಉಚಿತವಾಗಿ ಕೊಡುತ್ತಾರೆ. ಒಂದೊಂದನ್ನೂ ಒಂದು ಸಲ ಮಾತ್ರ ಬಳಸಬಹುದು. ಇವನ್ನು ಕಾಗದದಲ್ಲಿ ಬರೆದು ಮನೆಯಲ್ಲಿಡಬೇಕು. ಅನೇಕರು ಅದರ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನ ಗ್ಯಾಲರಿಯಲ್ಲಿಟ್ಟು ನಿಶ್ಚಿಂತರಾಗಿರುತ್ತಾರೆ!

ಎರಡೂ ಇಲ್ಲವೆಂದಾದರೆ, ಅದೇ ನಂಬರಿನ ಬದಲಿ ಸಿಮ್ ಪಡೆದು ಬೇರೆ ಫೋನಿಗೆ ಹಾಕಿ, ಕೋಡನ್ನು ಎಸ್‌ಎಂಎಸ್ ಮೂಲಕ ತರಿಸಿಕೊಳ್ಳಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಫೋನು ಎಲ್ಲೆಲ್ಲಿಗೋ ಹೋಗಿರುತ್ತದೆ. ಆದರೂ ಮಾಡಲೇಬೇಕು, ಏಕೆಂದರೆ ಫೋನು ಸಿಗದಿದ್ದರೂ ಖಾತೆ ನಿಮ್ಮ ಕೈಯಲ್ಲಿ ಉಳಿಯಬೇಕು.

ಇಂಥ ಸಂಕಟಕ್ಕೆಂದೇ ಗೂಗಲ್ 2024ರಲ್ಲಿ ರಿಮೋಟ್ ಲಾಕ್ ಎಂಬ ಸೌಲಭ್ಯವನ್ನು ತಂದಿತು. ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಲಾಕ್ ಎಂಬ ಪುಟದಲ್ಲಿ ಪಾಸ್‌ವರ್ಡಿನ ಹಂಗಿಲ್ಲದೆ, ಫೋನ್ ನಂಬರ್ ಕೊಟ್ಟು ಫೋನಿಗೆ ಬೀಗ ಹಾಕಬಹುದು. ಆಂಡ್ರಾಯ್ಡ್ 10 ಮತ್ತು ನಂತರದ ಆವೃತ್ತಿಗಳಲ್ಲಿ ಇದು ಸಿಗುತ್ತದೆ. ಇದು ಫೋನು ಎಲ್ಲಿದೆ ಎಂದು ಹೇಳುವುದಿಲ್ಲ, ಬೀಗ ಹಾಕಲು ಮಾತ್ರ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿರುವ ಥೆಫ್ಟ್ ಪ್ರೊಟೆಕ್ಷನ್ ವಿಭಾಗದಲ್ಲಿ ಇದು ಚಾಲೂ ಇದೆಯೇ ಎಂದು ಫೋನು ಕೈಯಲ್ಲಿರುವಾಗಲೇ ನೋಡಿಕೊಂಡಿರಬೇಕು. ಐಫೋನಿನವರಿಗೆ ಈ ತೊಡಕು ಕಡಿಮೆ: ಐಕ್ಲೌಡ್ ತಾಣದ ಹುಡುಕುವ ಪುಟಕ್ಕೆ ಪಾಸ್‌ವರ್ಡ್ ಸಾಕು, ಎರಡನೆಯ ಕೋಡ್ ಇಲ್ಲದೆಯೇ ನಕ್ಷೆ ತೆರೆಯುತ್ತದೆ.

ಫೋನು ಇನ್ನೂ ಕೈಯಲ್ಲಿರುವ ಓದುಗರು ಒಂದು ಪರೀಕ್ಷೆ ಮಾಡಿ ನೋಡಬಹುದು. ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಅದನ್ನು ಮುಟ್ಟದೆ, ನೀವು ಎಂದೂ ಬಳಸದ ಕಂಪ್ಯೂಟರೊಂದರಿಂದ ಹುಡುಕುವ ನಕ್ಷೆಯ ಪುಟದವರೆಗೆ ತಲುಪಲು ಪ್ರಯತ್ನಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತೀರಿ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಫೋನು ಕಳೆದೊಡನೆ ಸಿಮ್ ಬ್ಲಾಕ್ ಮಾಡಿಸಬೇಕೆಂದು ಕೆಲವರು ಹೇಳುತ್ತಾರೆ. ಸಿಮ್ ಬ್ಲಾಕ್ ಆದರೆ ಇಂಟರ್ನೆಟ್ ನಿಂತುಹೋಗಿ ಹುಡುಕಲು ಆಗುವುದಿಲ್ಲವೆಂದು ಮತ್ತೆ ಕೆಲವರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಸರಿ. ಸಿಮ್ ಬ್ಲಾಕ್ ಆದರೆ ಮೊಬೈಲ್ ಡೇಟಾ ನಿಲ್ಲುತ್ತದೆ, ಆಮೇಲೆ ಫೋನು ವೈಫೈ ಸಿಕ್ಕರೆ ಅಥವಾ ಇತರ ಫೋನುಗಳ ಬ್ಲೂಟೂತ್ ನೆರವು ಸಿಕ್ಕರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಹಾಗೆಂದು ಸಿಮ್ಮನ್ನು ದಿನಗಟ್ಟಲೆ ಹಾಗೇ ಬಿಡುವುದು ಅಪಾಯ. ಕದ್ದವರು ಅದನ್ನು ತೆಗೆದು ತಮ್ಮ ಫೋನಿಗೆ ಹಾಕಿಕೊಂಡರೆ, ನಿಮ್ಮ ಫೋನಿನ ಬೀಗ ಎಷ್ಟೇ ಗಟ್ಟಿಯಾಗಿದ್ದರೂ ನಿಮ್ಮ ಬ್ಯಾಂಕಿನ ಒಟಿಪಿ ಅವರ ಪರದೆಯ ಮೇಲೆ ಬರುತ್ತದೆ.

ಆದ್ದರಿಂದ ಮೊದಲು ನಕ್ಷೆಯನ್ನು ತೆರೆದು, ಸ್ಥಳವನ್ನು ಸಮಯದ ಸಮೇತ ಬರೆದುಕೊಂಡು, ಫೋನಿಗೆ ಬೀಗ ಹಾಕಿ. ಲಾಗಿನ್ ಸುಗಮವಾಗಿದ್ದರೆ ಇದು ಕೆಲವೇ ನಿಮಿಷಗಳ ಕೆಲಸ. ಅದು ಮುಗಿದೊಡನೆ, ಫೋನು ಎಲ್ಲೋ ಮರೆತುಬಿಟ್ಟದ್ದು ಎಂಬ ಖಾತ್ರಿ ಇಲ್ಲದಿದ್ದರೆ, ಸಿಮ್ ಕಂಪನಿಗೆ ಕರೆ ಮಾಡಿ ಬ್ಲಾಕ್ ಮಾಡಿಸಿ, ಬೆನ್ನಿಗೇ ಬ್ಯಾಂಕಿಗೂ ತಿಳಿಸಿ. ಲಾಗಿನ್ ಆಗದೆ ಪರದಾಡುತ್ತಿದ್ದರೆ ನಕ್ಷೆಗಾಗಿ ಕಾಯಬೇಡಿ, ಸಿಮ್ಮನ್ನೇ ಮೊದಲು ನಿಲ್ಲಿಸಿ. ಫೋನಿನ ಬೆಲೆಯ ಆಸೆಗೆ ಖಾತೆಯಲ್ಲಿರುವ ಹಣವನ್ನು ಪಣಕ್ಕಿಡುವುದು ತರವಲ್ಲ.

ಸಿಮ್ಮಿಗೇ ಪಿನ್ ಹಾಕುವ ಸೌಲಭ್ಯ ಹಿಂದಿನಿಂದಲೂ ಇದೆ, ಬಳಸುವವರು ವಿರಳ. ಅದನ್ನು ಹಾಕಿದ್ದರೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗಲೆಲ್ಲ ಪಿನ್ ಕೇಳುತ್ತದೆ. ಚಾಲೂ ಮಾಡುವ ಮುನ್ನ ಸಿಮ್ಮಿನ ಮೂಲ ಪಿನ್ ಏನೆಂದು ಕಂಪನಿಯಿಂದ ತಿಳಿದುಕೊಳ್ಳಿ. ಊಹೆಯ ಮೇಲೆ ಮೂರು ಸಲ ತಪ್ಪಾಗಿ ಒತ್ತಿದರೆ ಸಿಮ್ ಮುಚ್ಚಿಕೊಂಡು, ಅದನ್ನು ಮತ್ತೆ ತೆರೆಯಲು ಬೇಕಾದ ಪಿಯುಕೆ ಸಂಖ್ಯೆ ಕೇಳುತ್ತದೆ.

ಪ್ರಶ್ನೆ: ಮಗಳ ಐಫೋನ್ ಕಳುವಾಗಿ ಒಂದು ವಾರವಾಯಿತು. ನಿನ್ನೆ ನನ್ನ ನಂಬರಿಗೆ 'ನಿಮ್ಮ ಐಫೋನ್ ಪತ್ತೆಯಾಗಿದೆ, ಸ್ಥಳ ನೋಡಲು ಈ ಲಿಂಕ್ ಒತ್ತಿ' ಎಂದು ಸಂದೇಶ ಬಂದಿದೆ. ಒತ್ತಬಹುದೇ?

ಉತ್ತರ: ದಯವಿಟ್ಟು ಒತ್ತಬೇಡಿ. ಅದು ಫೋನು ಯಾರ ಕೈಯಲ್ಲಿದೆಯೋ ಅವರ ಕಡೆಯಿಂದಲೇ ಬಂದಿರುವ ಸಂಭವ ಹೆಚ್ಚು. ಪರದೆಯ ಮೇಲೆ ಕಾಣಲೆಂದು ಮಗಳು ನಿಮ್ಮ ನಂಬರ್ ಕೊಟ್ಟಿದ್ದರೆ, ಆ ನಂಬರ್ ಅವರಿಗೆ ಸಿಕ್ಕಿದ್ದೂ ಅಲ್ಲಿಂದಲೇ ಇರಬೇಕು.

ಇಂಥ ನಾಟಕ ಏಕೆಂದರೆ, 2013ರಲ್ಲಿ ಐಒಎಸ್ 7 ಜೊತೆಗೆ ಬಂದ ಆಕ್ಟಿವೇಶನ್ ಲಾಕ್ ಎಂಬ ಬೀಗ, ಐಫೋನಿನಲ್ಲಿರುವುದನ್ನೆಲ್ಲ ಅಳಿಸಿದರೂ ತೆರೆಯುವುದಿಲ್ಲ. ಒಡೆಯರ ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೊಡದೆ ಆ ಫೋನನ್ನು ಯಾರೂ ಹೊಸದಾಗಿ ಬಳಸಲಾರರು. ಹೀಗಾಗಿ ಆ ಪಾಸ್‌ವರ್ಡನ್ನು ನಿಮ್ಮಿಂದಲೇ ಹೊರಡಿಸಲು, ಆ್ಯಪಲ್ ಪುಟದಂತೆಯೇ ಕಾಣುವ ನಕಲಿ ಪುಟವೊಂದನ್ನು ಮುಂದಿಡುತ್ತಾರೆ. ಸ್ಥಳ ನೋಡಬೇಕೆನಿಸಿದರೆ ಸಂದೇಶವನ್ನು ಬದಿಗಿಟ್ಟು, ಫೈಂಡ್ ಮೈ ಆ್ಯಪನ್ನೋ ಐಕ್ಲೌಡ್ ತಾಣವನ್ನೋ ನೀವೇ ತೆರೆದು ನೋಡಿ. ನಿಜವಾಗಿ ಪತ್ತೆಯಾಗಿದ್ದರೆ ಅಲ್ಲಿ ಕಂಡೇ ಕಾಣುತ್ತದೆ.

'ಹೇಗೂ ಹೋಯಿತು' ಎಂದು ಬೇಸತ್ತು ಕಳೆದ ಫೋನನ್ನು ಖಾತೆಯ ಸಾಧನಗಳ ಪಟ್ಟಿಯಿಂದ ತೆಗೆದುಹಾಕುವವರಿದ್ದಾರೆ. ಹಾಗೆ ಮಾಡಿದರೆ ಮೇಲೆ ಹೇಳಿದ ಬೀಗವನ್ನು ನೀವೇ ತೆರೆದುಕೊಟ್ಟಂತಾಗುತ್ತದೆ. ದೂರದಿಂದಲೇ ಫೋನಿಗೆ ಬೀಗ ಹಾಕುವ ಲಾಸ್ಟ್ ಮೋಡ್ ಹಾಕಿ, ಪಟ್ಟಿಯಲ್ಲಿ ಹಾಗೇ ಉಳಿಸಿಕೊಳ್ಳಿ. ಬೇಕೆನಿಸಿದರೆ ದೂರದಿಂದಲೇ ಅಳಿಸಿಬಿಡಿ: ಐಒಎಸ್ 15 ಮತ್ತು ನಂತರದ ಆವೃತ್ತಿಗಳಿರುವ ಐಫೋನು ಅಳಿಸಿದ ಮೇಲೂ ನಕ್ಷೆಯಲ್ಲಿ ಕಾಣಬಲ್ಲದು. ಆಂಡ್ರಾಯ್ಡಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಅದೇ ಆವೃತ್ತಿಯಿಂದ, ಐಫೋನ್ 11 ಮತ್ತು ನಂತರದ ಹೆಚ್ಚಿನ ಮಾದರಿಗಳು ಸ್ವಿಚ್ ಆಫ್ ಆದ ಮೇಲೂ ಸ್ವಲ್ಪ ಕಾಲ ಬ್ಲೂಟೂತ್ ಸಂಕೇತ ಕೊಡುತ್ತಿರುತ್ತವೆ.

ಪ್ರಶ್ನೆ: ನಕ್ಷೆಯಲ್ಲಿ ನನ್ನ ಫೋನು ಒಂದು ದೊಡ್ಡ ವಸತಿ ಕಟ್ಟಡದ ಮೇಲೆ ತೋರಿಸುತ್ತಿದೆ. ಗುರುತು ಸರಿಯಾಗಿ ಒಂದು ಮನೆಯ ಮೇಲೆಯೇ ಇದೆ. ನಾನೇ ಹೋಗಿ ಕೇಳಬಹುದೇ?

ಉತ್ತರ: ಗುರುತಿನ ಸುತ್ತ ತಿಳಿಬಣ್ಣದ ವೃತ್ತವೊಂದು ಕಾಣುತ್ತಿದೆಯೇ? ಫೋನು ಆ ವೃತ್ತದೊಳಗೆ ಎಲ್ಲಾದರೂ ಇರಬಹುದು ಎಂದು ಅದರ ಅರ್ಥ, ನಡುವೆಯೇ ಇದೆ ಎಂದಲ್ಲ. ಬಯಲಿನಲ್ಲಿ, ಆಕಾಶ ನಿಚ್ಚಳವಾಗಿ ಕಾಣುವ ಕಡೆ, ಫೋನಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ನಿಖರವಾಗಿ ಸ್ಥಳ ಹೇಳುತ್ತದೆ. ಕಟ್ಟಡದೊಳಗೆ ಉಪಗ್ರಹದ ಸಂಕೇತ ಕ್ಷೀಣವಾಗುವುದರಿಂದ ಫೋನು ಸುತ್ತಲಿನ ವೈಫೈಗಳನ್ನೂ ಮೊಬೈಲ್ ಟವರುಗಳನ್ನೂ ನೋಡಿ ಅಂದಾಜು ಕಟ್ಟುತ್ತದೆ, ಟವರ್ ಮಾತ್ರವೇ ಆಧಾರವಾದಾಗ ವೃತ್ತ ನೂರಾರು ಮೀಟರಿಗೆ ಹಿಗ್ಗಬಹುದು. ಇನ್ನು ಎಷ್ಟನೆಯ ಮಹಡಿ ಎಂಬುದಂತೂ ಆ ಗುರುತಿನಿಂದ ತಿಳಿಯುವುದೇ ಇಲ್ಲ. ಒಂದರ ಮೇಲೊಂದಿರುವ ಮನೆಗಳಲ್ಲಿ ಯಾವುದು ಎಂದು ಹೇಗೆ ಹೇಳುವಿರಿ?

ಬಾಗಿಲು ಬಡಿದು ಕೇಳಿದರೆ ಒಂದೋ ನಿರಪರಾಧಿಯ ಮನೆಯ ಮುಂದೆ ಜಗಳವಾಗುತ್ತದೆ, ಇಲ್ಲವೇ ನಿಜವಾಗಿ ಕದ್ದವರ ಎದುರು ನೀವು ಒಂಟಿಯಾಗಿ ನಿಲ್ಲುತ್ತೀರಿ. ಎರಡೂ ಬೇಡ. ನಕ್ಷೆಯ ಸ್ಕ್ರೀನ್‌ಶಾಟನ್ನು ಸಮಯ ಕಾಣುವಂತೆ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಿರಿ. ಗುರುತು ಅಲ್ಲೇ ನಿಂತಿದೆಯೋ ಚಲಿಸುತ್ತಿದೆಯೋ ಎಂಬುದು ಅವುಗಳಿಂದ ಗೊತ್ತಾಗುತ್ತದೆ. ಅವುಗಳ ಜೊತೆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯನ್ನೂ ಬರೆದುಕೊಂಡು ಪೊಲೀಸರಿಗೆ ದೂರು ಕೊಡಿ. ಪಾರ್ಕಿನಲ್ಲೋ ನಿಮ್ಮದೇ ಕಚೇರಿಯಲ್ಲೋ ಮರೆತುಬಂದ ಫೋನಾದರೆ ಮಾತು ಬೇರೆ, ಹೋಗಿ ಸದ್ದು ಮಾಡಿಸಿ ಹುಡುಕಿಕೊಳ್ಳಿ.

ಪ್ರಶ್ನೆ: ಐಎಂಇಐ ಸಂಖ್ಯೆ ಅಥವಾ ಫೋನ್ ನಂಬರ್ ಹಾಕಿದರೆ ಫೋನು ಎಲ್ಲಿದೆಯೆಂದು ತೋರಿಸುವ ಆ್ಯಪ್‌ಗಳಿವೆಯಲ್ಲ, ಅವನ್ನು ನಂಬಬಹುದೇ?

ಉತ್ತರ: ಬೇಡ. 15 ಅಂಕಿಗಳ ಐಎಂಇಐ ಫೋನಿನ ಗುರುತಿನ ಸಂಖ್ಯೆ, ಅಷ್ಟೇ. ಅದು ಯಾವ ಟವರಿನ ವ್ಯಾಪ್ತಿಯಲ್ಲಿದೆ ಎಂಬ ಮಾಹಿತಿ ಇರುವುದು ಮೊಬೈಲ್ ಕಂಪನಿಯ ಬಳಿ; ಅದನ್ನು ಅವರು ಕಾನೂನಿನ ಪ್ರಕಾರ ತನಿಖೆ ನಡೆಸುವವರಿಗೆ ಕೊಡುತ್ತಾರೆಯೇ ಹೊರತು ಆ್ಯಪ್‌ಗಳಿಗಲ್ಲ. ಇಂಥ ಆ್ಯಪ್‌ಗಳು ಸುಮ್ಮನೆ ಚಕ್ರ ತಿರುಗಿಸಿ, ಕೊನೆಗೆ ಹಣವನ್ನೋ ನಿಮ್ಮ ವಿವರಗಳನ್ನೋ ಕೇಳುತ್ತವೆ. ಐಎಂಇಐಯ ನಿಜವಾದ ಉಪಯೋಗ ದೂರು ಕೊಡುವಾಗ ಮತ್ತು ಫೋನನ್ನು ನೆಟ್‌ವರ್ಕಿನಲ್ಲಿ ನಿರ್ಬಂಧಿಸುವಾಗ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಫೋನು ಈಗಾಗಲೇ ಹೋಗಿದ್ದರೆ ಅದು ಬಂದ ಪೆಟ್ಟಿಗೆಯ ಮೇಲೆ ಹುಡುಕಿ.

ಪ್ರಶ್ನೆ: ತಂದೆಯವರ ಫೋನು ಕಳೆದರೆ ಹುಡುಕಲು ಅನುಕೂಲವಾಗುವಂತೆ ಈಗಲೇ ಏನು ಮಾಡಿಡಬೇಕು? ಅವರಿಗೆ ತಮ್ಮ ಜಿಮೇಲ್ ವಿಳಾಸ ಯಾವುದೆಂದೂ ಗೊತ್ತಿಲ್ಲ.

ಉತ್ತರ: ಅಲ್ಲಿಂದಲೇ ಶುರುಮಾಡಿ. ಹಿರಿಯರ ಫೋನುಗಳಲ್ಲಿ ಎಷ್ಟೋ ಸಲ, ಫೋನು ಕೊಂಡ ದಿನ ಯಾರೋ ಅವಸರದಲ್ಲಿ ತೆರೆದುಕೊಟ್ಟ ಖಾತೆ ಇರುತ್ತದೆ. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬಲ್ಲಿ ಒತ್ತಿದರೆ ವಿಳಾಸ ಕಾಣುತ್ತದೆ. ಪಾಸ್‌ವರ್ಡನ್ನು ಹೊಸದಾಗಿ ಹೊಂದಿಸಿ, ವಿಳಾಸದ ಸಮೇತ ಅವರ ಡೈರಿಯಲ್ಲಿ ಬರೆದಿಡಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆಯಬಾರದೆಂಬ ಉಪದೇಶ ಮನೆಯೊಳಗಿನ ಡೈರಿಗೆ ಅನ್ವಯಿಸುವುದಿಲ್ಲವೆಂದು ನನ್ನ ಅಭಿಪ್ರಾಯ. ಲೊಕೇಶನ್ ಚಾಲೂ ಇದೆಯೇ, ಫೈಂಡ್ ಹಬ್ ಚಾಲೂ ಇದೆಯೇ ಎಂದು ನೋಡಿ. ಫೈಂಡ್ ಹಬ್‌ನ ಆಫ್‌ಲೈನ್ ಆಯ್ಕೆಯಲ್ಲಿ ಜನಸಂದಣಿಯ ಜಾಗಗಳ ಬದಲು ಎಲ್ಲ ಜಾಗಗಳು ಎಂಬುದನ್ನು ಆರಿಸಬಹುದು. ಬೀಗ ತೆರೆಯದೆಯೇ ಪರದೆಯನ್ನು ಕೆಳಗೆಳೆದು ಫ್ಲೈಟ್ ಮೋಡ್ ಹಾಕಲು ಬರುತ್ತದೆಯೇ ಎಂದೂ ಪರೀಕ್ಷಿಸಿ. ಅದನ್ನು ತಡೆಯುವ ಆಯ್ಕೆ ಅನೇಕ ಫೋನುಗಳಲ್ಲಿದೆ.

ಇದೆಲ್ಲವನ್ನೂ ತಂದೆಯವರಿಗೆ ತಿಳಿಸಿ, ಅವರ ಎದುರಿನಲ್ಲೇ ಮಾಡಿ. ಈ ನಕ್ಷೆಯಲ್ಲಿ ಫೋನಿನ ಜೊತೆಗೆ ಅದನ್ನು ಹಿಡಿದಿರುವ ಮನುಷ್ಯರೂ ಎಲ್ಲಿದ್ದಾರೆಂದು ಗೊತ್ತಾಗುತ್ತದೆ.

ಪ್ರಶ್ನೆ: ಕಳೆದ ಆಂಡ್ರಾಯ್ಡ್ ಫೋನನ್ನು ದೂರದಿಂದಲೇ ಅಳಿಸಿಬಿಟ್ಟೆ. ಮೂರನೆಯ ದಿನ ಯಾರೋ ಪುಣ್ಯಾತ್ಮರು ತಂದುಕೊಟ್ಟರು. ಈಗ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತಿದೆ. ಫೋಟೋಗಳು ಮರಳಿ ಬರುತ್ತವೆಯೇ?

ಉತ್ತರ: ಪಾಸ್‌ವರ್ಡ್ ಕೇಳುತ್ತಿರುವುದು ಕಳ್ಳರ ವಿರುದ್ಧ 2015ರಿಂದ ಆಂಡ್ರಾಯ್ಡಿನಲ್ಲಿರುವ ರಕ್ಷಣೆ. ಫೋನಿನಲ್ಲಿ ಮೊದಲಿದ್ದ ಅದೇ ಖಾತೆಯ ವಿವರ ಕೊಟ್ಟರೆ ಮುಂದೆ ಹೋಗುತ್ತದೆ. ನಡುವೆ ಪಾಸ್‌ವರ್ಡ್ ಬದಲಾಯಿಸಿದ್ದರೆ ಒಂದು ದಿನ ಕಾಯಬೇಕಾಗಬಹುದು. ತಾಳ್ಮೆಗೆಟ್ಟು ಮತ್ತೆ ಮತ್ತೆ ಬದಲಾಯಿಸಬೇಡಿ. ಫೋಟೋಗಳ ವಿಷಯ ಬ್ಯಾಕಪ್ ಮೇಲೆ ನಿಂತಿದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಚಾಲೂ ಇದ್ದರೆ, ಫೋನು ಅಳಿಸಿಹೋಗುವವರೆಗೆ ಅಲ್ಲಿಗೆ ಏರಿದ್ದ ಚಿತ್ರಗಳೆಲ್ಲ ಲಾಗಿನ್ ಆದೊಡನೆ ಕಾಣುತ್ತವೆ. ಏರದೆ ಫೋನಿನಲ್ಲೇ ಉಳಿದಿದ್ದವು ಮರಳಿ ಬಾರವು. ಮೆಮೊರಿ ಕಾರ್ಡ್ ಇದ್ದರೆ ಅದನ್ನೊಮ್ಮೆ ತೆರೆದು ನೋಡಿ, ದೂರದಿಂದ ಕೊಟ್ಟ ಆದೇಶ ಕಾರ್ಡನ್ನು ಅಳಿಸದೇ ಬಿಟ್ಟಿರಲೂಬಹುದು.